ಮನೆ ಕಟ್ಟುವವರ ಪ್ರಶ್ನೋತ್ತರ: ಹೊಸ್ತಿಲಿನ ಆಚೆ, ಈಚೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಆಸೆಯವು. ಹಜಾರಕ್ಕೂ ಅಂಗಳಕ್ಕೂ ನಡುವೆ ಗೋಡೆ ಇದೆ ಅನ್ನಿಸಬಾರದು, ಬಾಗಿಲು ಸರಿಸಿದರೆ ಎರಡೂ ಒಂದಾಗಬೇಕು. ಆಗಲಿ, ಮಾಡಬಹುದು. ಆದರೆ ಇದರಲ್ಲಿ ಗಾಜಿನ ಪಾತ್ರ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಹೊಸ್ತಿಲಿನ ಆಚೆ ಒಂದು ಮೀಟರ್, ಈಚೆ ಒಂದು ಮೀಟರ್, ಮೇಲೆ ಸೂರು, ಕೆಳಗೆ ಸ್ಲ್ಯಾಬಿನ ಮಟ್ಟ, ಇಷ್ಟರಲ್ಲೇ ಕೆಲಸ ಗೆಲ್ಲುತ್ತದೆ ಇಲ್ಲವೇ ಕೆಡುತ್ತದೆ. ಇವುಗಳಲ್ಲಿ ಮುಕ್ಕಾಲು ಪಾಲು ಕಾಂಕ್ರೀಟ್ ಸುರಿಯುವ ಮೊದಲೇ ತೀರ್ಮಾನವಾಗಬೇಕಾದವು. ಟೈಲ್ ಆರಿಸುವ ಹೊತ್ತಿಗೆ ಕೇಳಿದರೆ ನಾವು ಹೇಳಬಹುದಾದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಪ್ರಶ್ನೆ: ಹಜಾರದ ನೆಲವೂ ಹೊರಗಿನ ಜಗಲಿಯ ನೆಲವೂ ಒಂದೇ ಮಟ್ಟದಲ್ಲಿ ಇರಬೇಕು, ಮೆಟ್ಟಿಲೇ ಬೇಡ ಎಂದು ನಮ್ಮ ಆಸೆ. ಮೇಸ್ತ್ರಿ ‘ನೀರು ಒಳಗೆ ಬರುತ್ತದೆ, ಕನಿಷ್ಠ ಮೂರು ಇಂಚು ಇಳಿಸಲೇಬೇಕು’ ಎನ್ನುತ್ತಾರೆ. ಯಾರ ಮಾತು ಸರಿ?

ಮೇಸ್ತ್ರಿಯ ಭಯ ಸರಿ, ಅವರು ಹೇಳುವ ಪರಿಹಾರ ಒಂದೇ ದಾರಿಯಲ್ಲ. ಮೆಟ್ಟಿಲನ್ನು ಇಲ್ಲವಾಗಿಸಲು ಆಗುವುದಿಲ್ಲ. ಅದನ್ನು ಕಣ್ಣಿಗೆ ಕಾಣದಂತೆ ನೆಲದಡಿಗೆ ಕಳಿಸಬಹುದು, ಅಷ್ಟೆ.

ಲೆಕ್ಕ ನೋಡಿ. ಒಳಗೆ ಸ್ಲ್ಯಾಬಿನ ಮೇಲೆ ಗಾರೆ 50 ಮಿ.ಮೀ., ಟೈಲ್ 10 ಮಿ.ಮೀ., ಒಟ್ಟು 60. ಹೊರಗೆ ಅದೇ ಮಟ್ಟಕ್ಕೆ ಬರಬೇಕಾದರೆ ಬಾಗಿಲಿನ ಎದುರು ಸುಮಾರು 100 ಮಿ.ಮೀ. ಆಳದ ಜಾಲರಿ ಮುಚ್ಚಿದ ಕಾಲುವೆ, ಅದರಡಿ ಗಾರೆ, ಅದರಡಿ ವಾಟರ್‌ಪ್ರೂಫಿಂಗ್ ಎಲ್ಲ ಕೂರಬೇಕು. ಅದಕ್ಕೆ 140–160 ಮಿ.ಮೀ. ಜಾಗ ಬೇಕು. ಅಂದರೆ ಹೊರಗಿನ ಸ್ಲ್ಯಾಬನ್ನು ಒಳಗಿನದಕ್ಕಿಂತ 100 ಮಿ.ಮೀ. ತಗ್ಗಿಸಿ ಸುರಿಯಬೇಕು. ನೀರನ್ನು ನಿಜವಾಗಿ ತಡೆಯುವುದು ಈ ಅಡಗಿದ ಮೆಟ್ಟಿಲೇ. ವಾಟರ್‌ಪ್ರೂಫಿಂಗ್ ಹೊರಗಿನ ಸ್ಲ್ಯಾಬಿನ ಮೇಲೆ ಹರಡಿ, ಈ ಮೆಟ್ಟಿಲನ್ನು ಹತ್ತಿ, ಬಾಗಿಲಿನ ಚೌಕಟ್ಟಿನಡಿ ಒಳಬದಿಯವರೆಗೂ ಮುರಿಯದೆ ಹೋಗಬೇಕು. ಮೂಲೆಗಳಲ್ಲಿ ನೇರ ಮಡಚಿದರೆ ಸೀಳುತ್ತದೆ. ಮೊದಲು ಗಾರೆಯಿಂದ ಇಳಿಜಾರಾಗಿ ಒಂದು ಗುಂಡು ಅಂಚು ಎಳೆದು ಅದರ ಮೇಲೆ ಹಚ್ಚಿಸಿ.

ಚೌಕಟ್ಟಿನಡಿ ಒಂದು ತಟ್ಟೆ ಕೂರಿಸಿ. ಸ್ಟೇನ್‌ಲೆಸ್ ಸ್ಟೀಲಿನದಾದರೆ ಒಳ್ಳೆಯದು. ಅದರ ಒಳಬದಿ ಟೈಲಿನ ಮಟ್ಟದವರೆಗೂ ಮೇಲಕ್ಕೆ ಮಡಚಿರಬೇಕು, ಎರಡು ತುದಿಗೂ ಕಟ್ಟೆ ಇರಬೇಕು, ಹೊರಬದಿ ತೆರೆದಿರಬೇಕು. ಜಾರುಬಾಗಿಲಿನ ಹಳಿಯಲ್ಲಿ ನೀರು ನಿಲ್ಲುವುದು ದೋಷವಲ್ಲ, ಅದು ಹಾಗೆಯೇ ಮಾಡಿದ್ದು. ಆ ನೀರು ಚೌಕಟ್ಟಿನ ಹೊರಮುಖದಲ್ಲಿರುವ ಬಸಿಯುವ ತೂತುಗಳಿಂದ ಕಾಲುವೆಗೆ ಬೀಳಬೇಕು. ಹಾಳಾಗುವುದು ಇಲ್ಲಿಯೇ. ಟೈಲ್ ಹಾಕುವವರು ಅಂಚು ಚೆಂದ ಕಾಣಲೆಂದು ಆ ತೂತುಗಳಿಗೆ ಸಿಮೆಂಟ್ ಮೆತ್ತಿಬಿಡುತ್ತಾರೆ. ಮೊದಲ ಜೋರು ಮಳೆಗೆ ಹಳಿ ತುಂಬಿ ನೀರು ಹಜಾರದ ಕಡೆಗೆ ಉಕ್ಕುತ್ತದೆ. ಟೈಲ್ ಕೆಲಸ ಮುಗಿದ ದಿನ ಒಂದು ಲೋಟ ನೀರನ್ನು ಹಳಿಗೆ ಸುರಿದು, ಅದು ಹೊರಗೆ ಬಸಿಯುವುದನ್ನು ಕಣ್ಣಾರೆ ನೋಡಿ.

ಇನ್ನೊಂದು ತಪ್ಪು, ಜಗಲಿಯ ಇಡೀ ನೆಲಕ್ಕೆ ಆ ಕಾಲುವೆಯ ಕಡೆಗೇ ವಾಟ ಕೊಡುವುದು. ಬೇಡ. ವಾಟ ಮನೆಯಿಂದ ಆಚೆಗೇ ಇರಲಿ, 80ಕ್ಕೆ 1ರಂತೆ. 3 ಮೀಟರ್ ಅಗಲದ ಜಗಲಿಗೆ ಸುಮಾರು 40 ಮಿ.ಮೀ. ಇಳಿತ. ಕಾಲುವೆಯ ಕೆಲಸ ಬಾಗಿಲಿಗೆ ಬಡಿದು ಇಳಿಯುವ ನೀರನ್ನು ಹಿಡಿಯುವುದು ಮಾತ್ರ. ಜಾಲರಿಯ ಸಂದು 8 ಮಿ.ಮೀ. ಮೀರದಿರಲಿ, ಎತ್ತಿ ತೊಳೆಯುವಂತಿರಲಿ.

ಕೊನೆಗೆ ಗಾಳಿಯ ಮಾತು. ಗಂಟೆಗೆ 65 ಕಿ.ಮೀ. ವೇಗದ ಗಾಳಿ ಗೋಡೆಗೆ ನೇರ ಬಡಿದರೆ ಸುಮಾರು 200 ಪಾಸ್ಕಲ್ ಒತ್ತಡ. ಆ ಒತ್ತಡ ನೀರನ್ನು 20 ಮಿ.ಮೀ. ಮೇಲಕ್ಕೆ ಎತ್ತಬಲ್ಲದು. ಆದ್ದರಿಂದ ಮೇಲೆ ಸೂರಿಲ್ಲದ, ಇರಚಲು ನೇರ ಹೊಡೆಯುವ ಕಡೆಯಲ್ಲಿ ಪೂರ್ತಿ ಸಮಮಟ್ಟದ ಹಳಿ ನಿಮ್ಮ ಪರವಾಗಿ ನಿಲ್ಲಲಾರದು. ಅಲ್ಲಿ ಒಳಬದಿಯಲ್ಲಿ 20 ಮಿ.ಮೀ. ಅಂಚನ್ನು ಒಪ್ಪಿಕೊಳ್ಳಿ, ಇಲ್ಲವೇ ಸೂರು ಕೊಡಿ. ಗಾಲಿಕುರ್ಚಿ ಓಡಾಡುವ ಮನೆಯಾದರೆ ಸೂರು ಕೊಡುವುದೇ ಸರಿ.

ಟೈಲ್ ಹಾಕುವ ಮುನ್ನ ಜಗಲಿಯ ಅಂಚಿಗೆ ಇಟ್ಟಿಗೆಯ ಕಟ್ಟೆ ಕಟ್ಟಿ, ನೀರಿನ ದಾರಿಗಳಿಗೆ ಬಿರಡೆ ಹಾಕಿ, 24 ಗಂಟೆ ನೀರು ನಿಲ್ಲಿಸಿ. ಒಳಗಿನ ಗಾರೆಯಲ್ಲಿ ಕಪ್ಪು ತೇವ ಕಾಣಿಸಿದರೆ ಆಗಲೇ ಸರಿಪಡಿಸಬಹುದು.

ಪ್ರಶ್ನೆ: 4.8 ಮೀಟರ್ ಅಗಲ, 2.4 ಮೀಟರ್ ಎತ್ತರದ ತೆರವು ಬಿಟ್ಟಿದ್ದೇವೆ. ಮಡಚುವ ಬಾಗಿಲು ಒಳ್ಳೆಯದೋ, ಜಾರುವ ಬಾಗಿಲೋ?

ಮೊದಲು ಭಾರ ತಿಳಿಯಿರಿ. ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ ತೂಗುತ್ತದೆ. 6 ಮಿ.ಮೀ.ನ ಎರಡು ಪದರ ಇರುವ ಗಾಜಾದರೆ ಚದರ ಮೀಟರಿಗೆ 30 ಕಿಲೋ. ನಿಮ್ಮ ತೆರವು ಹನ್ನೊಂದೂವರೆ ಚದರ ಮೀಟರ್. ಗಾಜೇ ಸುಮಾರು 345 ಕಿಲೋ, ಚೌಕಟ್ಟು ಸೇರಿದರೆ 400 ದಾಟುತ್ತದೆ.

ಮಡಚುವ ಬಾಗಿಲನ್ನು ಸಾಮಾನ್ಯವಾಗಿ ಮೇಲಿನ ಹಳಿಗೆ ತೂಗುಹಾಕುತ್ತಾರೆ. 80 ಸೆಂ.ಮೀ.ನ ಆರು ಎಲೆಗಳನ್ನು, ಅಂದರೆ ಕದಗಳನ್ನು, ಒಂದು ಕಡೆಗೆ ಮಡಚಿದಾಗ ಆ 400 ಕಿಲೋ ಬೀಮಿನ ಒಂದು ತುದಿಗೆ ಬಂದು ನೇತಾಡುತ್ತದೆ. ರಚನೆಯ ಲೆಕ್ಕದಲ್ಲಿ ಬೀಮು ತನ್ನ ಉದ್ದದ 360ರಲ್ಲಿ ಒಂದು ಭಾಗ ಬಾಗಿದರೂ ಒಪ್ಪಿಗೆಯೇ. ನಿಮ್ಮ ಬೀಮಿಗೆ ಅದು 13 ಮಿ.ಮೀ. ಬೀಮಿಗೆ ಅದರಿಂದ ಏನೂ ಆಗದು, ಬಾಗಿಲು ಮಾತ್ರ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಕಾಂಕ್ರೀಟ್ ಭಾರ ಹೊತ್ತು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ. ‘ಮೊದಲ ವರ್ಷ ಚೆನ್ನಾಗಿತ್ತು, ಈಗ ಎತ್ತಿ ತಳ್ಳಬೇಕು’ ಎನ್ನುವ ದೂರಿನ ಮೂಲ ಬಾಗಿಲಿನಲ್ಲಲ್ಲ, ಬೀಮಿನಲ್ಲಿ. ಎಂಜಿನಿಯರ್‌ಗೆ ‘ಗಟ್ಟಿ ಇರಲಿ’ ಎಂದಷ್ಟೇ ಹೇಳಬೇಡಿ. ‘ಬಾಗಿಲು ಕೂರಿಸಿದ ಮೇಲೆ ಬೀಮು 5 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು’ ಎಂದು ಅಂಕಿ ಕೊಟ್ಟು ಬರೆಸಿ.

ಜಾರುಬಾಗಿಲಿನ ಭಾರ ಕೆಳಗಿನ ಉರುಳೆಗಳ ಮೇಲೆ ಕೂರುತ್ತದೆ, ಬೀಮಿನ ಬಾಗನ್ನು ಅದು ಹೆಚ್ಚು ಸಹಿಸುತ್ತದೆ. ಅದರ ಕೊರತೆ ತೆರವಿನದು. 1.2 ಮೀಟರಿನ ನಾಲ್ಕು ಎಲೆಗಳಲ್ಲಿ ಅಂಚಿನ ಎರಡು ಸ್ಥಿರ, ನಡುವಿನ ಎರಡು ಜಾರುವುದಾದರೆ ಅರ್ಧ, ಅಂದರೆ 2.4 ಮೀಟರ್ ಮಾತ್ರ ತೆರೆಯುತ್ತದೆ. ಮೂರು ಹಳಿಗಳ ಮೂರು ಎಲೆಯಾದರೆ ಮೂರರಲ್ಲಿ ಎರಡು ಪಾಲು ತೆರೆಯುತ್ತದೆ, ಎಲೆಗಳು ಮಾತ್ರ 1.6 ಮೀಟರ್ ಅಗಲವಾಗಿ ಭಾರವಾಗುತ್ತವೆ. ಮಡಚುವುದು ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ಬದಲಿಗೆ ಮಡಚಿದ ಕಟ್ಟು 45 ಸೆಂ.ಮೀ. ದಪ್ಪವಾಗಿ, 80 ಸೆಂ.ಮೀ. ಚಾಚಿ ನಿಲ್ಲಲು ಜಾಗ ಕೇಳುತ್ತದೆ, ಎಲೆಗಳ ನಡುವಿನ ಸಂದು ಹೆಚ್ಚಾದಷ್ಟೂ ಮಳೆ ಗಾಳಿಗೆ ದಾರಿ ಹೆಚ್ಚು.

ನಮ್ಮ ಮತ ಜಾರುಬಾಗಿಲಿಗೆ. ಮುಚ್ಚಿದಾಗಲೂ ದೊಡ್ಡ ಗಾಜು, ಕಡಿಮೆ ಪಟ್ಟಿ. ಮನೆಯ ಬಾಗಿಲು ತೆರೆದ ಹೊತ್ತಿಗಿಂತ ಮುಚ್ಚಿದ ಹೊತ್ತೇ ಹೆಚ್ಚು. ಮಡಚುವುದೇ ಬೇಕೆಂದರೆ ದಿನದ ಓಡಾಟಕ್ಕೆ ಒಂದು ಎಲೆ ಮಾಮೂಲಿ ಬಾಗಿಲಿನಂತೆ ತೆರೆಯುವಂತೆ ಮಾಡಿಸಿ. ಹದಗೊಳಿಸಿದ ಗಾಜನ್ನು, ಅಂದರೆ ಟಫನ್ಡ್ ಗಾಜನ್ನು, ಆಮೇಲೆ ಕತ್ತರಿಸಲು ಆಗುವುದೇ ಇಲ್ಲ. ಹಾಗಾಗಿ ತೆರವಿನ ಗಾರೆ ಮುಗಿದ ಮೇಲೆ ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ, ಎರಡೂ ಕರ್ಣಗಳನ್ನು ಅಳೆದ ನಂತರವೇ ಆರ್ಡರ್ ಕೊಡಿ.

ಪ್ರಶ್ನೆ: ಹಿತ್ತಲಿನ ನೋಟ ಪಶ್ಚಿಮಕ್ಕಿದೆ. 6 ಚದರ ಮೀಟರ್ ಗಾಜು ಇಟ್ಟು ಒಳಗೆ ದಪ್ಪ ಪರದೆ ಹಾಕಿದರೆ ಸೆಖೆ ತಡೆಯಬಹುದಲ್ಲವೇ?

ಆಗದು. ಬಿಸಿಲು ಗಾಜು ದಾಟಿ ಪರದೆಗೆ ಬಿದ್ದರೆ ಬಿಸಿಯಾಗುವುದು ಪರದೆ. ಆ ಪರದೆ ಇರುವುದು ಮನೆಯೊಳಗೆ. ಸಂಜೆಯ ಸ್ವಚ್ಛ ಬಿಸಿಲು ಪಶ್ಚಿಮದ ಗೋಡೆಗೆ ಚದರ ಮೀಟರಿಗೆ 600 ವಾಟ್ ಆಸುಪಾಸು ಸುರಿಯುತ್ತದೆ. ಸಾದಾ ಗಾಜು ಅದರ 80 ಶೇಕಡ ಒಳಗೆ ಬಿಡುತ್ತದೆ. 6 ಚದರ ಮೀಟರಿಗೆ 2,900 ವಾಟ್, ಅಂದರೆ ಹಜಾರದಲ್ಲಿ ಎರಡು ರೂಮ್ ಹೀಟರ್ ಹಚ್ಚಿಟ್ಟಂತೆ.

ಸಜ್ಜವೂ ಇಲ್ಲಿ ಕೈಕೊಡುತ್ತದೆ. ಸೂರ್ಯ 20 ಡಿಗ್ರಿ ಎತ್ತರದಲ್ಲಿದ್ದಾಗ 1 ಮೀಟರ್ ಸಜ್ಜ ಗಾಜಿನ ಮೇಲಿನ 36 ಸೆಂ.ಮೀ.ಗೆ ಮಾತ್ರ ನೆರಳು ಕೊಡುತ್ತದೆ. ಅದೇ 1 ಮೀಟರ್ ಸಜ್ಜ, ಭೂಮಧ್ಯರೇಖೆಯ ಕಡೆಗೆ ಮುಖ ಮಾಡಿದ ಗೋಡೆಯಲ್ಲಿ, ನಡುಮಧ್ಯಾಹ್ನ ಸೂರ್ಯ 70 ಡಿಗ್ರಿಯಲ್ಲಿದ್ದಾಗ 2.7 ಮೀಟರ್ ನೆರಳು ಕೊಡುತ್ತದೆ. ದೊಡ್ಡ ತೆರವಿಗೆ ಆ ದಿಕ್ಕು ಸೂಕ್ತ ಎನ್ನುವುದು ಇದಕ್ಕೇ.

ಪಶ್ಚಿಮದ ನೋಟ ಬಿಡಲಾಗದು ಎಂದರೆ ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ: ಸರಿಸಬಹುದಾದ ಪಟ್ಟಿಗಳ ತಡಿಕೆ, ಗಾಜಿನಿಂದ 10–15 ಸೆಂ.ಮೀ. ದೂರದಲ್ಲಿ ಇಳಿಬಿಡುವ ಹೊರಪರದೆ, ಬಳ್ಳಿ ಹಬ್ಬಿಸಿದ ತಂತಿಯ ಚಪ್ಪರ, ಅಥವಾ ಮರ. ಜೊತೆಗೆ ಸೌರಶಾಖ ಗುಣಾಂಕ, ಅಂದರೆ ಬಿಸಿಲಿನ ಶಾಖದಲ್ಲಿ ಗಾಜು ಒಳಗೆ ಬಿಡುವ ಪಾಲು, 0.25–0.30 ಇರುವ ಲೇಪಿತ ಗಾಜು ಹಾಕಿದರೆ ಆ 2,900 ಸುಮಾರು 1,000 ವಾಟಿಗೆ ಇಳಿಯುತ್ತದೆ. ಈಗಾಗಲೇ ಇರುವ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಮುನ್ನ ಎಚ್ಚರ. ಹದಗೊಳಿಸದ ಗಾಜಾದರೆ ಬಿಸಿಲಿನ ಭಾಗ ಉಬ್ಬಿ, ಚೌಕಟ್ಟಿನ ನೆರಳಲ್ಲಿರುವ ಅಂಚು ಉಬ್ಬದೆ, ಬಿರುಕು ಬಿಡುವುದುಂಟು.

ಪ್ರಶ್ನೆ: ಮಾಡು ಇರುವ ಜಗಲಿಯ ಅಗಲ ಎಷ್ಟಿರಬೇಕು? ಆರ್ಕಿಟೆಕ್ಟ್ 1.5 ಮೀಟರ್ ಬರೆದಿದ್ದಾರೆ.

1.5 ಮೀಟರ್ ಅಂದರೆ ಓಣಿ. ಎರಡು ಕುರ್ಚಿ, ನಡುವೆ ಪುಟ್ಟ ಮೇಜು, ಹಿಂದೆ ಒಬ್ಬರು ನಡೆದುಹೋಗುವಷ್ಟು ಜಾಗ ಬೇಕೆಂದರೆ 2.4 ಮೀಟರ್. ಆರು ಜನ ಕೂರುವ ಊಟದ ಮೇಜಿಗೆ 3 ಮೀಟರ್. ಖರ್ಚು ಎಲ್ಲಾದರೂ ಕಡಿತ ಮಾಡಬೇಕೆಂದಿದ್ದರೆ ಗಾಜಿನಲ್ಲಿ ಮಾಡಿ, ಇದರಲ್ಲಿ ಬೇಡ. ಒಳಗೂ ಅಲ್ಲದ ಹೊರಗೂ ಅಲ್ಲದ ಈ ಜಾಗವೇ ಇಡೀ ಯೋಜನೆಯ ಜೀವ. ಮಳೆ ಬಂದರೂ ಬಾಗಿಲು ತೆರೆದಿಡಲು ಆಗುವುದು ಇದರಿಂದಲೇ: 45 ಡಿಗ್ರಿಯಲ್ಲಿ ಬೀಳುವ ಇರಚಲಿಗೆ, ಸೂರಿನ ಅಂಚು 2.4 ಮೀಟರ್ ಎತ್ತರದಲ್ಲಿದ್ದರೆ, ಹೊಸ್ತಿಲು ಒಣಗಿರಲು ಜಗಲಿಯೂ 2.4 ಮೀಟರ್ ಅಗಲ ಇರಬೇಕು.

ಅಗಲವಾದ ಜಗಲಿಗೆ ತೆರಬೇಕಾದ ಬೆಲೆ ಕತ್ತಲೆ. ಬೆಳಕು ಸಾಮಾನ್ಯವಾಗಿ ಕಿಟಕಿಯ ತಲೆಮಟ್ಟದ ಎರಡರಿಂದ ಎರಡೂವರೆ ಪಟ್ಟು ದೂರ ಕೋಣೆಯೊಳಗೆ ಹೋಗುತ್ತದೆ; ಎದುರಿಗೆ ಜಗಲಿ ಬಂದರೆ ಆ ದೂರದಲ್ಲಿ ದೊಡ್ಡ ಪಾಲು ಜಗಲಿಯಲ್ಲೇ ಖರ್ಚಾಗುತ್ತದೆ. ಹಾಗಾಗಿ ಹಜಾರಕ್ಕೆ ಇನ್ನೊಂದು ಗೋಡೆಯಿಂದಲೂ ಬೆಳಕು ಬರಲಿ. ಅಥವಾ ಹಜಾರದ ಚಾವಣಿ ಎತ್ತರಿಸಿ, ಜಗಲಿಯ ಮಾಡಿನ ಮೇಲ್ಗಡೆ ಕಿಟಕಿಸಾಲು ಕೊಡಿ. ಬೆಳಕಿಗೆಂದು ಜಗಲಿಗೆ ಪ್ಲಾಸ್ಟಿಕ್ ಶೀಟು ಹೊದಿಸುವವರಿದ್ದಾರೆ. ಮಳೆಯಲ್ಲಿ ಅದರಡಿ ಕೂತು ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ, ಬಿಸಿಲಲ್ಲಿ ಕೂರಲಾಗುವುದಿಲ್ಲ.

ಕಾಂಕ್ರೀಟಿನ ಮಾಡಾದರೆ ತಳದಲ್ಲಿ, ಅಂಚಿನಿಂದ 25 ಮಿ.ಮೀ. ಒಳಗೆ, 10–12 ಮಿ.ಮೀ. ಅಗಲದ ಗೀರು ಎಳೆಸಲು ಮರೆಯಬೇಡಿ. ಗೀರಿಲ್ಲದಿದ್ದರೆ ನೀರು ತಳವನ್ನೇ ಹಿಡಿದು ಒಳಗೆ ತೆವಳಿ, ಬಾಗಿಲಿನ ತಲೆಯ ಮೇಲೆ ಕಂದು ಕಲೆ ಮಾಡುತ್ತದೆ.

ಪ್ರಶ್ನೆ: ಮನೆಯ ನಡುವೆ 4×4 ಮೀಟರಿನ ತೆರೆದ ಒಳಾಂಗಳ ಬಯಸಿದ್ದೇವೆ. ಸುತ್ತಲಿನ ಮಾಡಿನ ನೀರೂ ಅಲ್ಲಿಗೇ ಬೀಳುತ್ತದೆ. ಏನೇನು ನೋಡಿಕೊಳ್ಳಬೇಕು?

ಮೊದಲು ನೀರು. ಚದರ ಮೀಟರಿಗೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. ಅಂಗಳ 16 ಚದರ ಮೀಟರ್, ಒಳಮುಖವಾಗಿ ಇಳಿಯುವ ಮಾಡು 40 ಎಂದುಕೊಳ್ಳಿ. ಗಂಟೆಗೆ 100 ಮಿ.ಮೀ. ಸುರಿಯುವ ಮಳೆಗೆ 5,600 ಲೀಟರ್, ಅಂದರೆ ಸೆಕೆಂಡಿಗೆ ಒಂದೂವರೆ ಲೀಟರ್ ನಿಮ್ಮ ಮನೆಯ ಹೊಟ್ಟೆಯೊಳಗೆ ಬೀಳುತ್ತಿದೆ. 100 ಮಿ.ಮೀ.ನ ಒಂದು ಪೈಪು ಇದನ್ನು ಆರಾಮವಾಗಿ ಸಾಗಿಸುತ್ತದೆ. ಅದರ ಬಾಯಿಗೆ ಎರಡು ಎಲೆ ಅಡ್ಡ ಬಿದ್ದರೆ ಸಾಗಿಸುವುದಿಲ್ಲ. ಆದ್ದರಿಂದ ಎರಡು ಬಾಯಿ ಇಡಿ, ಎರಡಕ್ಕೂ ಬೇರೆ ಬೇರೆ ಪೈಪು. ಬಾಯಿಗೆ ಚಪ್ಪಟೆ ಜಾಲರಿ ಬೇಡ, ಗುಮ್ಮಟದಂತೆ ಎದ್ದಿರುವುದು ಬೇಕು. ಎಲೆ ಬುಡದಲ್ಲಿ ಸೇರಿಕೊಂಡರೂ ನೆತ್ತಿಯಿಂದ ನೀರು ಇಳಿಯುತ್ತದೆ.

ಮೂರನೆಯದು ತುರ್ತಿನ ದಾರಿ. ಅಂಗಳದ ನೆಲ ಕೋಣೆಗಳ ನೆಲಕ್ಕಿಂತ 150 ಮಿ.ಮೀ. ಕೆಳಗಿರಲಿ. ಅಂಗಳದ ನೆಲದಿಂದ 50 ಮಿ.ಮೀ. ಮೇಲೆ ಇನ್ನೊಂದು ಪೈಪಿನ ಬಾಯಿ ಇರಲಿ, ಅದು ನೇರ ಹೊರಗೆ, ಕಣ್ಣಿಗೆ ಕಾಣುವ ಕಡೆ ಬೀಳಲಿ. ಅಲ್ಲಿ ನೀರು ಸುರಿಯತೊಡಗಿತೆಂದರೆ ಕೆಳಗಿನವು ಕಟ್ಟಿಕೊಂಡಿವೆ ಎಂದು ಅರ್ಥ. ಕೋಣೆಗೆ ನೀರು ಬರುವ ಮೊದಲೇ ನಿಮಗೆ ತಿಳಿಯುತ್ತದೆ.

ಈ ಪೈಪುಗಳು ಕೋಣೆಗಳ ಅಡಿಯಿಂದ ಹಾದುಹೋಗಬೇಕು. 12 ಮೀಟರ್ ದೂರಕ್ಕೆ 100ಕ್ಕೆ 1ರ ವಾಟ ಎಂದರೆ 120 ಮಿ.ಮೀ. ಇಳಿತ. ಕೊನೆಯಲ್ಲಿ ಅದು ಸೇರುವ ಚರಂಡಿ ಅಥವಾ ಇಂಗುಗುಂಡಿ ಅದಕ್ಕಿಂತ ತಗ್ಗಿನಲ್ಲಿದೆಯೇ ಎಂದು ಪಾಯ ತೆಗೆಯುವ ಮೊದಲೇ ಮಟ್ಟ ಹಿಡಿದು ನೋಡಿ. ಪೈಪು ನೇರ ಹೋಗಲಿ, ಮನೆಯಡಿ ತಿರುವು ಬೇಡ, ಎರಡು ತುದಿಗೂ ತೆರೆದು ನೋಡಬಹುದಾದ ಚೇಂಬರ್ ಇರಲಿ. ಬಚ್ಚಲು, ಶೌಚಾಲಯದ ಪೈಪಿಗೆ ಮಳೆನೀರು ಸೇರಿಸಬೇಡಿ. ಜೋರು ಮಳೆಗೆ ಅದು ತುಂಬಿದರೆ ಕೊಳಕು ನೀರು ನಹಾನಿ ಟ್ರ್ಯಾಪಿನಿಂದ, ಅಂದರೆ ಬಚ್ಚಲಿನ ನೆಲದಲ್ಲಿ ನೀರು ಇಳಿಯುವ ಬಾಯಿಯಿಂದ, ಮನೆಯೊಳಗೇ ಉಕ್ಕುತ್ತದೆ.

ಇನ್ನು ಅಳತೆ. ಒಂದೇ ಅಂತಸ್ತಿನ, 3 ಮೀಟರ್ ಗೋಡೆಯ ಮನೆಗೆ 4×4 ಚೆನ್ನಾಗಿದೆ. ಎರಡು ಅಂತಸ್ತಾದರೆ ಅದೇ ಅಂಗಳ 6 ಮೀಟರ್ ಆಳದ ಬಾವಿಯಂತೆ ಆಗಿ, ಕೆಳಗೆ ಬಿಸಿಲು ತಲುಪುವ ಹೊತ್ತು ಕಡಿಮೆಯಾಗುತ್ತದೆ. ಗೋಡೆ ಬುಡಕ್ಕೆ ಪಾಚಿ ಹಿಡಿಯುತ್ತದೆ. ಅಂಗಳ ಇದ್ದ ಮಾತ್ರಕ್ಕೆ ಗಾಳಿ ಬರುತ್ತದೆ ಎನ್ನುವುದೂ ತಪ್ಪು ಲೆಕ್ಕ. ಒಂದೇ ಕಡೆ ಕಿಟಕಿ ಇರುವ ಕೋಣೆಯಲ್ಲಿ ಗಾಳಿ ಚಾವಣಿಯ ಎತ್ತರದ ಎರಡು, ಎರಡೂವರೆ ಪಟ್ಟು ದೂರಕ್ಕಷ್ಟೇ ಆಡುತ್ತದೆ. ಎದುರುಬದುರು ತೆರವು ಇದ್ದರೆ ಐದು ಪಟ್ಟಿನವರೆಗೆ. ಅಂಗಳಕ್ಕೆ ತೆರೆಯುವ ಪ್ರತಿ ಕೋಣೆಗೂ ಹೊರಗೋಡೆಯಲ್ಲಿ ಒಂದು ಕಿಟಕಿ ಕೊಡಿ.

ಮಳೆಗೆ ಹೆದರಿ ಆಮೇಲೆ ಗಾಜು ಮುಚ್ಚಿಸಬೇಡಿ. ಮೇಲೆ ಗಾಜು, ಸುತ್ತ ಗೋಡೆ ಅಂದರೆ ಸಸಿ ಬೆಳೆಸುವ ಬಿಸಿಮನೆ. ಮುಚ್ಚಲೇಬೇಕಾದರೆ ಗಾಜಿನ ಮಾಡನ್ನು 30–45 ಸೆಂ.ಮೀ. ಎತ್ತರಿಸಿ ಸುತ್ತ ಗಾಳಿ ಆಡಲು ಬಿಡಿ. ತಲೆಯ ಮೇಲಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು: ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡಿರುತ್ತವೆ. ಬರೀ ಟಫನ್ಡ್ ಗಾಜು ಪೂರ್ತಿ ಪುಡಿಯಾಗಿ ಕೆಳಗೆ ಸುರಿಯುತ್ತದೆ.

ಪ್ರಶ್ನೆ: ಒಳಗೂ ಹೊರಗೂ ಒಂದೇ ಟೈಲ್ ಹಾಕಬಹುದೇ?

ಒಂದೇ ಬಣ್ಣ, ಒಂದೇ ಅಳತೆ. ಮೈ ಮಾತ್ರ ಬೇರೆ. ಟೈಲ್ ಎಷ್ಟು ಜಾರದು ಎಂಬುದಕ್ಕೆ ‘ಆರ್’ ದರ್ಜೆ ಇದೆ, ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಒಳಗೆ ಆರ್9 ಅಥವಾ ಆರ್10 ಸಾಕು, ನೆನೆಯುವ ಕಡೆ ಆರ್11 ಬೇಕು. ಹೊರಗಿನ ಒರಟು ಟೈಲನ್ನು ಒಳಗೂ ಹಾಕಿದರೆ ಒರೆಸುವ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಕೊಳೆ ಕೂರುತ್ತದೆ. ಒಂದೇ ಟೈಲಿನ ಎರಡೂ ಬಗೆ ಸಿಗುವಂಥದ್ದನ್ನು ಹುಡುಕಿ.

ಸಂದಿನ ಗೆರೆ ಒಳಗಿಂದ ಹೊರಗೆ ಮುರಿಯದೆ ಸಾಗಬೇಕಾದರೆ ಟೈಲ್ ಹಾಕುವುದನ್ನು ಬಾಗಿಲಿನ ಗೆರೆಯಿಂದಲೇ ಶುರುಮಾಡಿ ಎರಡೂ ಕಡೆಗೆ ಹೋಗಬೇಕು. ಕೋಣೆಯ ಮೂಲೆಯಿಂದ ಶುರುಮಾಡಿದರೆ ಹೊಸ್ತಿಲ ಹತ್ತಿರ ಬರುವ ಹೊತ್ತಿಗೆ 5–6 ಮಿ.ಮೀ. ತಪ್ಪಿರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಹೊಸ್ತಿಲಿನಲ್ಲಿ ಸಿಮೆಂಟ್ ತುಂಬದೆ 8–10 ಮಿ.ಮೀ. ಅಗಲದ ಮೆತ್ತನೆಯ ಸೀಲೆಂಟಿನ ಸಂದು ಬಿಡಿ, ಹೊರಗೆ ಪ್ರತಿ 3 ಮೀಟರಿಗೆ ಇನ್ನೊಂದು. 9 ಮೀಟರ್ ಉದ್ದದ ಪಿಂಗಾಣಿ ಟೈಲಿನ ಸಾಲು 40 ಡಿಗ್ರಿ ಬಿಸಿಯೇರಿದರೆ ಸುಮಾರು 2.5 ಮಿ.ಮೀ. ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ಒಂದು ಮಧ್ಯಾಹ್ನ ‘ಠಪ್’ ಎಂದು ಎರಡು ಟೈಲ್ ಎದುರುಬದುರಾಗಿ ಗುಡಾರದಂತೆ ಎದ್ದು ನಿಲ್ಲುತ್ತವೆ.

ಪ್ರಶ್ನೆ: ಮೊದಲ ಮಹಡಿಯ ಬಾಲ್ಕನಿಯ ಅಂಚಿಗೆ 30 ಸೆಂ.ಮೀ. ಮಣ್ಣು ತುಂಬಿ ಹೂತೋಟ ಮಾಡಬಹುದೇ?

ಈಗಾಗಲೇ ಕಟ್ಟಿದ ಬಾಲ್ಕನಿಯಾದರೆ ಮಾಡಬೇಡಿ. ನೆನೆದ ಮಣ್ಣು ಘನ ಮೀಟರಿಗೆ 1,800 ಕಿಲೋ ತೂಗುತ್ತದೆ; 30 ಸೆಂ.ಮೀ. ದಪ್ಪಕ್ಕೆ ಚದರ ಮೀಟರಿಗೆ 540 ಕಿಲೋ. ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ 200, ಬಾಲ್ಕನಿಯನ್ನು 300 ಕಿಲೋ ಆಸುಪಾಸಿನ ಓಡಾಟದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಗೋಡೆಯಿಂದ ಚಾಚಿಕೊಂಡ ಸ್ಲ್ಯಾಬಿನ ತುದಿಗೇ ಆ ಭಾರ ಇಟ್ಟರೆ ಬುಡದಲ್ಲಿ ಮುರಿಯುವ ಬಲ ಅತಿ ಹೆಚ್ಚು. ಬಿರುಕು ಮೊದಲು ಕಾಣಿಸುವುದು ಮೇಲ್ಮೈಯಲ್ಲಿ, ಗೋಡೆಯ ಪಕ್ಕದಲ್ಲಿ, ಅದೂ ಟೈಲಿನಡಿ. ಕಣ್ಣಿಗೆ ಬೀಳುವಷ್ಟರಲ್ಲಿ ಕಂಬಿಗೆ ತುಕ್ಕು ಹಿಡಿದಿರುತ್ತದೆ. ತೆಂಗಿನ ನಾರಿನ ಪುಡಿ, ಪರ್ಲೈಟ್ ಬೆರೆಸಿದ ಹಗುರ ಮಣ್ಣನ್ನು ಕುಂಡಗಳಲ್ಲಿ ತುಂಬಿ ಗೋಡೆಯ ಬದಿಗೆ, ಬೀಮಿನ ನೆತ್ತಿಗೆ ಇಡಿ. ಹೊಸದಾಗಿ ಕಟ್ಟುವವರು ಮಣ್ಣಿನ ದಪ್ಪವನ್ನು ಈಗಲೇ ಎಂಜಿನಿಯರ್‌ಗೆ ಹೇಳಿ.

ಪ್ರಶ್ನೆ: ಸಂಜೆಯಾದರೆ ಸೊಳ್ಳೆ, ರಾತ್ರಿಯಾದರೆ ಗಾಜಿನಲ್ಲಿ ನಮ್ಮದೇ ಮುಖ. ಅಷ್ಟು ದೊಡ್ಡ ಗಾಜು ಇಟ್ಟು ಏನು ಪ್ರಯೋಜನ?

1951ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಮುಗಿದ ಫಾರ್ನ್ಸ್‌ವರ್ತ್ ಮನೆಗೂ ಇದೇ ಪಾಡು ಬಂತು. ಮೀಸ್ ವಾನ್ ಡರ್ ರೋಹ ವಿನ್ಯಾಸ ಮಾಡಿದ ಆ ಮನೆಗೆ ನಾಲ್ಕೂ ಕಡೆ ಗಾಜು. ತೆರೆಯಲು ಬಾಗಿಲಿನ ಹೊರತು ಎರಡೇ ಸಣ್ಣ ಕಿಟಕಿ. ಮನೆಯೊಡತಿ ಕೊನೆಗೆ ಜಗಲಿಗೆ ಸೊಳ್ಳೆಪರದೆ ಹಾಕಿಸಿದರು. ಅಂದರೆ ನಿಮ್ಮ ದೂರು ಹಳೆಯದು.

ಸೊಳ್ಳೆಜಾಲರಿಯ ಹಳಿಗೆ ಬಾಗಿಲಿನ ಚೌಕಟ್ಟಿನಲ್ಲೇ ಜಾಗ ಕೇಳಿ ಮಾಡಿಸಿ. ಆಮೇಲೆ ತಿರುಪು ಹೊಡೆದು ಸೇರಿಸಿದ್ದು ಒಂದೂ ನೆಟ್ಟಗಿರುವುದಿಲ್ಲ. ಮಡಿಕೆ ಮಡಿಕೆಯಾಗಿ ಬದಿಗೆ ಸರಿಯುವ ಜಾಲರಿ ಅಗಲ ತೆರವಿಗೆ ಒಳ್ಳೆಯದು. ಇನ್ನೂ ಒಳ್ಳೆಯದು ಜಗಲಿಗೇ ಜಾಲರಿ ಕೊಡುವುದು: ಜಾಲರಿ ಗಾಳಿಯನ್ನೂ ತಡೆಯುತ್ತದೆ, ಜಗಲಿಯ ಅಂಚಿಗಾದರೆ ಹರಹು ಹೆಚ್ಚಿರುವುದರಿಂದ ಆ ನಷ್ಟ ತುಂಬಿಬರುತ್ತದೆ.

ಗಾಜು ಕನ್ನಡಿಯಾಗುವುದು ಒಳಗೆ ಬೆಳಕು, ಹೊರಗೆ ಕತ್ತಲೆ ಇದ್ದಾಗ. ಒಳಗಿನ ದೀಪ ತಗ್ಗಿಸಿ, ಗಾಜಿಗೆ ಎದುರಾಗಿ ಉರಿಯುವುದನ್ನು ತೆಗೆಯಿರಿ. ಹೊರಗೆ ಗಿಡದ ಬುಡಕ್ಕೆ, ಕಾಂಪೌಂಡ್ ಗೋಡೆಗೆ ಬೆಳಕು ಬೀಳಲಿ. ಹೊರಗಿನ ದೀಪ 2,700 ಕೆಲ್ವಿನ್ ಅಥವಾ ಅದಕ್ಕಿಂತ ಕೆಳಗಿನ ಹಳದಿ ಬೆಳಕಿನದಾಗಿರಲಿ. ಬಿಳಿ, ನೀಲಿ ಛಾಯೆಗೆ ಹುಳುಗಳು ಹೆಚ್ಚು ಮುತ್ತುತ್ತವೆ. ಬಾಗಿಲಿನ ನೆತ್ತಿಯ ಮೇಲೆ ದೀಪ ಇಡುವುದು ಹುಳುಗಳನ್ನು ಮನೆಗೆ ಕರೆದಂತೆ.

ಪ್ರಶ್ನೆ: ಹಕ್ಕಿಗಳು ಗಾಜಿಗೆ ಬಡಿದು ಬೀಳುತ್ತಿವೆ. ಗಿಡುಗನ ಚಿತ್ರ ಅಂಟಿಸಿದರೆ ಸಾಕೇ?

ಒಂದು ಚಿತ್ರದಿಂದ ಏನೂ ಆಗದು, ಹಕ್ಕಿ ಅದರ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಗಾಜಿನ ಹೊರಮೈಗೆ, 5 ಸೆಂ.ಮೀ.ಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ ಚುಕ್ಕಿ ಅಂಟಿಸಿ.

ಪ್ರಶ್ನೆ: ಮನೆ ಹಳೆಯದು. ಹಜಾರದ ಹಿಂಗೋಡೆ ಒಡೆದು 3 ಮೀಟರ್ ಜಾರುಬಾಗಿಲು ಇಡಿಸಬೇಕು. ಎಲ್ಲಿಂದ ಶುರು ಮಾಡಬೇಕು?

ಆ ಗೋಡೆ ಭಾರ ಹೊತ್ತಿದೆಯೇ ಎಂಬುದರಿಂದ. ಕಂಬ-ಬೀಮಿನ ಮನೆಯಾದರೆ ಅದು ಬರೀ ತುಂಬುಗೋಡೆ ಇರಬಹುದು. ಇಟ್ಟಿಗೆ ಅಥವಾ ಕಲ್ಲಿನ ಗೋಡೆಯೇ ಸ್ಲ್ಯಾಬ್ ಹೊತ್ತಿದ್ದರೆ ಎಂಜಿನಿಯರ್ ಬಂದು ನೋಡದೆ ಒಂದು ಇಟ್ಟಿಗೆಯನ್ನೂ ಕೀಳಬೇಡಿ. ಮೂಲೆಯಿಂದ ಕನಿಷ್ಠ 60 ಸೆಂ.ಮೀ. ಗೋಡೆ ಹಾಗೇ ಉಳಿಯಲಿ.

ಕೆಲಸದ ಕ್ರಮ ಹೀಗೆ. ಗೋಡೆಯಲ್ಲಿನ ವೈರು, ಪೈಪುಗಳನ್ನು ಪತ್ತೆಹಚ್ಚಿ ಬೇರೆಡೆ ತಿರುಗಿಸಿ. ಬೀಮು ಬರುವ ಮಟ್ಟದ ಮೇಲ್ಗಡೆ ಗೋಡೆಗೆ ತೂತು ಕೊರೆದು ಅಡ್ಡತೊಲೆಗಳನ್ನು ತೂರಿಸಿ, 1 ಮೀಟರಿಗಿಂತ ಹತ್ತಿರ ಹತ್ತಿರ. ಅವುಗಳ ಎರಡೂ ತುದಿಗೆ ಜಾಕಿ ಕೊಟ್ಟು ಆಸರೆ ಬಿಗಿಯಿರಿ. ಜಾಕಿ ಟೈಲಿನ ಮೇಲೆ ನೇರ ನಿಲ್ಲಬಾರದು, ಅಡಿಗೆ ದಪ್ಪ ಹಲಗೆ ಇರಲಿ. ಆಮೇಲೆ ಬೀಮಿನಷ್ಟು ಮಾತ್ರ ಒಡೆದು, ಎರಡೂ ಬದಿಗೆ 20 ಸೆಂ.ಮೀ. ಗೋಡೆಯ ಮೇಲೆ ಕೂರುವಂತೆ, ಕಾಂಕ್ರೀಟ್ ದಿಂಬಿನ ಮೇಲೆ ಸ್ಟೀಲ್ ಬೀಮು ಇಡಿ. ಬೀಮಿಗೂ ಮೇಲಿನ ಗೋಡೆಗೂ ನಡುವಿನ ಸಂದಿಗೆ ಗಟ್ಟಿ ಕಲಸಿದ ಗಾರೆಯನ್ನು ಕುಟ್ಟಿ ಕುಟ್ಟಿ ತುಂಬಿಸಿ. ಇದನ್ನು ತೆಳ್ಳಗೆ ಮೆತ್ತಿ ಮುಗಿಸಿದರೆ ಆಸರೆ ತೆಗೆದ ದಿನವೇ ಮೇಲಿನ ಗೋಡೆ ಕೂತು ಬಿರುಕು ಬಿಡುತ್ತದೆ. ಒಂದು ವಾರ ಬಿಟ್ಟು ಆಸರೆ ಸಡಿಲಿಸಿ, ಅದಾದ ಮೇಲೆ ಕೆಳಗಿನ ಗೋಡೆ ಒಡೆಯಿರಿ, ಅದಾದ ಮೇಲೆ ಬಾಗಿಲಿಗೆ ಅಳತೆ.

ಹಳೆಯ ಮನೆಯಲ್ಲಿ ಸಮಮಟ್ಟದ ಹೊಸ್ತಿಲಿನ ಆಸೆಗೆ ನೆಲಮಟ್ಟದ ಪ್ಲಿಂತ್ ಬೀಮನ್ನು ಕಡಿಯುವುದುಂಟು. ಅದು ಗೋಡೆಗಳನ್ನು ಒಟ್ಟಿಗೆ ಹಿಡಿದಿಟ್ಟ ಪಟ್ಟಿ, ಮುಟ್ಟಬೇಡಿ. ಹೊರಗಿನ ಅಂಗಳವನ್ನೇ ಏರಿಸುತ್ತೇವೆ ಎಂದರೂ ಮಣ್ಣಿನ ಮಟ್ಟ ಒಳನೆಲಕ್ಕಿಂತ 15 ಸೆಂ.ಮೀ. ಕೆಳಗೇ ಇರಬೇಕು, ಇಲ್ಲವಾದರೆ ಗೋಡೆ ತೇವ ಹೀರುತ್ತದೆ. ಅದರ ಮೇಲೆ ಮರದ ಹಲಗೆಯ ನೆಲ ಎತ್ತರಿಸಿ ಹೊಸ್ತಿಲಿನ ಮಟ್ಟಕ್ಕೆ ತನ್ನಿ: ಹಲಗೆಗಳ ನಡುವೆ 5 ಮಿ.ಮೀ., ಗೋಡೆಗೂ ಹಲಗೆಗೂ ನಡುವೆ 15 ಮಿ.ಮೀ. ಸಂದು, ಅಡಿಯಲ್ಲಿ ಗಾಳಿಯಾಡಲು ದಾರಿ, ಸ್ಟೇನ್‌ಲೆಸ್ ತಿರುಪು. ಗೋಡೆಯ ಪಕ್ಕದ ಮೊದಲ ಹಲಗೆಯನ್ನು ಬಿಚ್ಚಲು ಬರುವಂತೆ ಇಡಿ, ಅದರಡಿಯಲ್ಲಿಯೇ ಎಲೆಕಸ ಕಟ್ಟಿಕೊಳ್ಳುವುದು.